ಇಲ್ಲದ ಕಲ್ಲಿಗೆ ಘರಪಟ್ಟಿ

ಮೊನ್ನೆ ದೀಪಾವಳಿಗೆಂದು ಮನೆಯ ಮುಂಗೋಡೆ ತೊಳೆಯುತ್ತಿದ್ದೆ. ಜೋರಾಗಿ ಎರಚಿದ ಒಂದು ತಂಬಿಗೆ ನೀರು ಬಾಗಿಲ ಪಕ್ಕದ ತೂತಿಗೆ ಬಿತ್ತು. ಬಿದ್ದದ್ದೇ ತಡ, ಒಳಗಿಂದ ಹಸಿ ಮಣ್ಣಿನ ವಾಸನೆ ಎದ್ದು ಮೂಗಿಗೆ ಬಡಿಯಿತು. ಬರೀ ಮಣ್ಣಲ್ಲ, ಹಳೆಯ ಹೊಟ್ಟು, ಸಗಣಿ, ಅದರ ಮೇಲೊಂದಿಷ್ಟು ಸಿಮೆಂಟಿನ ಒಗರು. ಹಸಿ ಮಣ್ಣಿನ ವಾಸನೆಗೆ ಊರವರಿಗೆಲ್ಲ ಹೊಲ ನೆನಪಾಗುತ್ತದೆ. ನನಗೆ ನೆನಪಾಗುವುದು ಗೌಂಡಿ ಕಾಕಾ. ಪೊರಕೆ ಹಿಡಿದವಳು ಹಾಗೇ ಕಟ್ಟೆಯ ಮೇಲೆ ಕುಳಿತುಬಿಟ್ಟೆ...

ತೂತು ಎಂದರೆ ಇಲಿ ಕೊರೆದದ್ದಲ್ಲ. ನಮ್ಮ ಮುಂಗೋಡೆ ನೋಡಿದರೆ ಕರಿಕಲ್ಲು ಕೆತ್ತಿ ಸಾಲಾಗಿ ಕೂರಿಸಿದ ಹಾಗಿದೆ. ಅದರಲ್ಲಿ ಒಂದೇ ಒಂದು ಕಲ್ಲು ಕಿತ್ತಷ್ಟು ಜಾಗ ಖಾಲಿ. ಬಂದವರೆಲ್ಲ ಕೇಳುತ್ತಾರೆ, "ಅಕ್ಕಾರ, ಇದೊಂದ ಯಾಕ ಹಂಗ ಬಿಟ್ಟೀರಿ? ಒಂದ ಬುಟ್ಟಿ ಸಿಮೆಂಟಿನ ಕೆಲಸ." ನಾನು "ಇರಲಿ ಬಿಡ್ರಿ" ಎನ್ನುತ್ತೇನೆ. ನನ್ನ ಮಗಳಂತೂ ಪ್ರತಿ ಹಬ್ಬಕ್ಕೂ ಅದು ಕಾಣದಂತೆ ಒಂದು ಕ್ಯಾಲೆಂಡರ್ ತೂಗುಹಾಕುತ್ತಾಳೆ. ನಾನು ತೆಗೆಯುತ್ತೇನೆ. ಈ ವಿಷಯಕ್ಕೆ ಅವಳಿಗೂ ನನಗೂ ಹಬ್ಬಕ್ಕೊಂದು ಜಗಳ ಕಾಯಂ.

ನಮ್ಮ ಊರು ಜತ್ತ ತಾಲೂಕಿನಲ್ಲಿ, ಅಸಂಗಿಯ ಕಡೆಗೆ, ಗಡಿಗೆ ಹತ್ತಿರ. ಮನೆಮಾತು ಕನ್ನಡ, ಸರ್ಕಾರದ ಕಾಗದವೆಲ್ಲ ಮರಾಠಿ. ನಾನು ಸೊಸೆಯಾಗಿ ಬಂದಾಗ ನಮ್ಮ ಓಣಿಯ ಮನೆಗಳೆಲ್ಲ ಮಣ್ಣಿನವೇ. ಒಂದರ ಪಕ್ಕೆಗೆ ಒಂದು ಅಂಟಿಕೊಂಡ ಗೋಡೆಗಳು, ಮೇಲೆ ಕರ್ಲು ಮಣ್ಣು ಹಾಕಿದ ಮಾಳಿಗೆ. ಬಿಸಿಲಿಗೆ ಬೀದಿ ಕಾದ ಹಂಚಾದಾಗಲೂ ಒಳಗೆ ತಣ್ಣಗೆ. ಮಣ್ಣಿನ ಮನೆ ಅಂತ ಯಾರಿಗೂ ಒಳಗೊಳಗೆ ನಾಚಿಕೆ ಇರಲಿಲ್ಲ. ನಾಚಿಕೆ ಬರುತ್ತಿದ್ದುದು ಬೀಗರು ಬರುವಾಗ ಮಾತ್ರ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರಲ್ಲ, ನಮ್ಮ ಓಣಿಯವರು ಎರಡನ್ನೂ ಒಂದೇ ಗೋಡೆಯಲ್ಲಿ ಮುಗಿಸುತ್ತಿದ್ದರು. ಮನೆಯಲ್ಲಿ ಮದುವೆಗೆ ಬಂದ ಹುಡುಗಿಯೋ ಹುಡುಗನೋ ಇದ್ದರೆ ಮೊದಲು ಗೌಂಡಿ ಕಾಕಾನನ್ನು ಕರೆಯಬೇಕು. ಬೀದಿಗೆ ಕಾಣುವ ಮುಂದಿನ ಗೋಡೆಯೊಂದಕ್ಕೆ ಅವನು ಸಿಮೆಂಟ್ ಬಳಿದು, ಗೆರೆ ಕೊರೆದು, ಕಲ್ಲಿನ ಗೋಡೆ ಮಾಡಿಕೊಡುತ್ತಿದ್ದ. ಆಮೇಲೆಯೇ ಬೀಗರಿಗೆ ಬರ್ರಿ ಅಂತ ಹೇಳಿಕಳಿಸುವುದು. ಮೇಲೆ ಥಳಕು ಒಳಗೆ ಹುಳುಕು ಅಂತ ಬೇಕಾದರೆ ಅನ್ನಿ. ನಾವು ಅದನ್ನು ಸುಳ್ಳು ಎಂದುಕೊಂಡಿರಲಿಲ್ಲ, ಮುಖ ತೊಳೆದು ಪೌಡರ್ ಹಚ್ಚಿದಂತೆ ಅಷ್ಟೇ.

ಗೌಂಡಿ ಎಂದರೆ ನಮ್ಮ ಕಡೆ ಗೋಡೆ ಕಟ್ಟುವವನು. ಕಾಕಾ ನಮಗೆ ಸಂಬಂಧದವನಲ್ಲ, ಓಣಿಯ ಕೊನೆಯ ಮನೆಯವನು. ಎತ್ತರದ ಆಳು, ದೊಡ್ಡ ಗಂಟಲು, ತನ್ನ ಕೆಲಸದ ಬಗ್ಗೆ ಹೇಳಲು ಶುರುಮಾಡಿದರೆ ಚಹಾ ಆರಿ ಕೆನೆಗಟ್ಟುತ್ತಿತ್ತು. ವಿನಯ ಎಂಬುದು ಅವನ ಹತ್ತಿರ ಸುಳಿದಿರಲಿಲ್ಲ. "ದೇವರು ಕಲ್ಲ ಮಾಡಾಕ ಎಷ್ಟ ವರ್ಷ ತಗೊಂಡಾನೋ ಏನೋ. ನಾ ಮಧ್ಯಾಹ್ನದ ಊಟದೊಳಗ ಮಾಡತೀನಿ" ಎನ್ನುತ್ತಿದ್ದ. ಕೇಳಿದವರು ನಗುತ್ತಿದ್ದರು. ಆದರೆ ಗೋಡೆಯ ಮುಂದೆ ನಿಂತು ಯಾರೂ ನಗುತ್ತಿರಲಿಲ್ಲ.

ನಮ್ಮ ಮನೆಯ ಮುಂಗೋಡೆ ಆದದ್ದು ನನ್ನ ನಾದಿನಿಯ ಸಂಬಂಧ ಬಂದಾಗ. ನಾನು ಹೊಸ ಸೊಸೆ, ನೀರು ಹೊರುವ, ಉಸುಕು ಸೋಸುವ ಕೆಲಸ ನನ್ನದು. ಹಾಗಾಗಿ ಆ ಗೋಡೆ ಹುಟ್ಟಿದ್ದನ್ನು ನಾನು ಕಣ್ಣಾರೆ ಕಂಡವಳು. ಮೊದಲು ಮಣ್ಣಿನ ಗೋಡೆಗೆ ಮೊಳೆ ಹೊಡೆದು ತಂತಿಯ ಜಾಳಿಗೆ ಬಿಗಿದ. ಅದರ ಮೇಲೆ ಸಿಮೆಂಟ್ ಬಳಿದ. ಅದು ಅರೆ ಒಣಗಿದಾಗ ಕರಣಿಯ ಮೂಲೆಯಿಂದ ಗೆರೆ ಎಳೆದು ಒಂದೊಂದು ಕಲ್ಲನ್ನು ಬೇರೆ ಮಾಡಿದ. ಆಮೇಲೆ ಹಸಿ ಗೋಣಿಚೀಲ ಒತ್ತಿ, ಉಳಿಯಿಂದ ಚುಚ್ಚಿ ಚುಚ್ಚಿ, ಕೆತ್ತಿದ ಕಲ್ಲಿನ ಒರಟು ತಂದ. ಒಂದಕ್ಕೆ ಮೂಲೆ ಮುರಿದ. ಇನ್ನೊಂದರ ಮೇಲೆ ಮಸಿ ನೀರು ಇಳಿಬಿಟ್ಟು ಮಳೆಯ ಕಲೆ ಮಾಡಿದ.

"ಚಲೋ ಇದ್ದದ್ದನ್ನ ಯಾಕ ಮುರದಿ ಕಾಕಾ?" ಎಂದು ಕೇಳಿದೆ.

"ಕುಂದ ಇಲ್ಲಂದ್ರ ಅದು ಕಲ್ಲ ಹೆಂಗ ಆಗತೈತಿ, ಹುಚ್ಚವ್ವಾ? ಎಲ್ಲಾ ಒಂದ ನಮೂನಿ ಮಾಡಾವ್ರು ಸನಮಡಿ ಕಡಿ ಗೌಂಡಿಗಳು."

ನಾದಿನಿಯನ್ನು ನೋಡಲು ಬಂದವರೂ ಸನಮಡಿಯವರೇ. ಕಟ್ಟೆಯ ಮೇಲೆ ಕುಳಿತು, ಗೋಡೆಗೆ ಕೈ ಸವರಿ, "ಭಾಳ ಚಲೋ ಮನಿ" ಎಂದರು. ಒಳಗೆ ಬಂದು ಮಣ್ಣಿನ ಗೋಡೆ ಕಂಡರೂ ತುಟಿ ಬಿಚ್ಚಲಿಲ್ಲ. ಯಾಕೆ ಎಂಬುದು ಮದುವೆಯಾದ ಮೇಲೆ ತಿಳಿಯಿತು. ನಾವು ಸನಮಡಿಗೆ ಹೋದರೆ ಅವರ ಮನೆಗೂ ಸಿಮೆಂಟಿನ ಕಲ್ಲು, ಒಳಗೆ ನಮ್ಮದೇ ಮಣ್ಣು! ನಮ್ಮ ಜೊತೆ ಊಟಕ್ಕೆ ಬಂದಿದ್ದ ಕಾಕಾ ಆ ಗೋಡೆಯ ಮುಂದೆ ನಿಂತು ಲೊಚಗುಟ್ಟಿದ. "ಗೆರಿ ಸೊಟ್ಟ ಹೋಗ್ಯಾವ. ಇದನ್ನ ನೋಡಿ ಹುಡುಗಿ ಕೊಟ್ರೇನು ನೀವು?" ಎಂದು ಬೀಗರಿಗೆ ಕೇಳಿಸುವಂತೆಯೇ ಅಂದ. ನನ್ನ ಮಾವ ಅವನ ತೋಳು ಹಿಡಿದು ಎಳೆದುಕೊಂಡು ಬಂದರು.

ಹೀಗೆ ಒಂದೊಂದು ಮದುವೆಗೆ ಒಂದೊಂದು ಗೋಡೆ ಎದ್ದು ನಮ್ಮ ಓಣಿಯೆಲ್ಲ ಕಲ್ಲಿನದಾಯಿತು. ವರ್ಷಗಳು ಉರುಳಿದವು. ಮಾವ ತೀರಿಕೊಂಡರು, ಮನೆ ನನ್ನ ಯಜಮಾನರ ಹೆಸರಿಗೆ ಬಂತು, ನಾನು ಪಡಸಾಲೆಯಲ್ಲಿ ಹೊಲಿಗೆ ಮಷೀನು ಹಾಕಿದೆ. ಆಗ ಒಂದು ಬೇಸಿಗೆ ಘರಪಟ್ಟಿಯ, ಅಂದರೆ ಮನೆ ತೆರಿಗೆಯ, ಹೊಸ ಆಕಾರಣಿ ಬಂತು. ಯಾವ ಮನೆ ಯಾವ ವರ್ಗದ್ದು ಎಂದು ನೋಡಿ ಪಟ್ಟಿ ನಿಗದಿ ಮಾಡುವುದು. ಮಣ್ಣಿನ ಮನೆಗೆ ಒಂದು ದರ, ಕಲ್ಲು-ಸಿಮೆಂಟಿನದಕ್ಕೆ ಅದಕ್ಕಿಂತ ಮೇಲೆ, ಸ್ಲ್ಯಾಬಿನದಕ್ಕೆ ಎಲ್ಲಕ್ಕಿಂತ ಮೇಲೆ.

ಅಳೆಯಲು ಬಂದವನು ಉರಿಬಿಸಿಲಲ್ಲಿ ಬಂದ. ಟೇಪು ಹಿಡಿದು ಬೀದಿಯಲ್ಲೇ ನಿಂತು ಅಗಲ ಅಳೆದ. "ಒಳಗ ಬರ್ರಿ, ನೀರ ಕುಡದು ಹೋಗ್ರಿ" ಎಂದು ಕರೆದೆ. ಟೈಮಿಲ್ಲ ಎಂದು ಕೈಯಾಡಿಸಿ ಮುಂದಿನ ಮನೆಗೆ ನಡೆದ. ಆಮೇಲೆ ಪಂಚಾಯತಿ ಬಾಗಿಲಿಗೆ ಯಾದಿ ಅಂಟಿಸಿದಾಗ ನೋಡಿದರೆ ಇಡೀ ಓಣಿಗೆ ಕಲ್ಲಿನ ಮನೆಯ ಪಟ್ಟಿ! ಮಣ್ಣಿನ ದರ ಬಂದದ್ದು ಒಂದೇ ಒಂದು ಮನೆಗೆ. ಅದು ಗೌಂಡಿ ಕಾಕಾನದು. ಓಣಿಗೆಲ್ಲ ಕಲ್ಲು ಮಾಡಿಕೊಟ್ಟವನಿಗೆ ಮಕ್ಕಳಿರಲಿಲ್ಲ, ಬೀಗರು ಬರುವ ಪ್ರಸಂಗವಿರಲಿಲ್ಲ. ಸ್ವಂತ ಗೋಡೆಗೆ ಅವನು ಕರಣಿ ಮುಟ್ಟಿಸಿರಲಿಲ್ಲ.

ನನಗೆ ಮೈಯೆಲ್ಲ ಉರಿದುಹೋಯಿತು. ಇರುವುದಕ್ಕೆ ಪಟ್ಟಿ ಕೇಳಲಿ, ಕೊಡೋಣ. ಇಲ್ಲದ ಕಲ್ಲಿಗೆ ಯಾಕೆ ಕೊಡಬೇಕು? ಒಮ್ಮೆ ಸುಮ್ಮನಿದ್ದರೆ ಮೊಮ್ಮಕ್ಕಳ ಕಾಲಕ್ಕೂ ಕಾಗದದಲ್ಲಿ ಇದು ಕಲ್ಲಿನ ಮನೆಯೇ. ಮೇಲಾಗಿ ಮಣ್ಣಿನ ಮನೆಯವರಿಗೆ ಬರುವ ಸರ್ಕಾರದ ಯಾವ ಸವಲತ್ತಿಗೂ ನಮ್ಮ ಹೆಸರು ಹತ್ತುವುದಿಲ್ಲ. ಹರಕತ್ತು, ಅಂದರೆ ತಕರಾರು ಅರ್ಜಿ, ಹಾಕುತ್ತೇನೆ ಎಂದೆ. ಯಜಮಾನರು, "ಯಾಕ ಬೇಕ ಉಸಾಬರಿ?" ಎಂದರು. ಓಣಿಯವರಿಗೂ ಹೊಟ್ಟೆ ಉರಿದಿತ್ತು, ಆದರೆ ಬಾಯಿ ಬಿಡುವವರಿಲ್ಲ. ಎಲ್ಲರ ಮನೆಯಲ್ಲೂ ಮದುವೆಗೆ ನಿಂತ ಮಕ್ಕಳಿದ್ದರು. ಎದುರು ಮನೆಯಾಕೆ ಬಂದು ಮೆಲ್ಲಗೆ ಹೇಳಿದಳು, "ಹರಕತ್ತ ಹಾಕಬ್ಯಾಡ್ರಿ ವೈನಿ. ನಿಮ್ಮದು ಮಣ್ಣು ಅಂದ್ರ ನಮ್ಮದೂ ಮಣ್ಣು ಅಂತ ಊರಿಗೆಲ್ಲ ಗೊತ್ತಾಗತೈತಿ."

"ಊರಿಗೆ ಗೊತ್ತಿಲ್ಲೇನು? ಗೊತ್ತಿಲ್ಲದ್ದು ಆ ಟೇಪಿನವಗ ಒಬ್ಬಗ!" ಎಂದೆ.

ಅರ್ಜಿ ಮರಾಠಿಯಲ್ಲಿ ಬರೆಯಬೇಕಿತ್ತು. ನಾನು ಕಲಿತದ್ದು ಬಿಳೂರದ ಕಡೆ, ಕನ್ನಡ ಸಾಲಿಯಲ್ಲಿ. ಅದಕ್ಕೆ ಹೆದರುತ್ತೇನೆಯೇ? ಸಂತೆಯಲ್ಲಿ ಮರಾಠಿಯಲ್ಲಿ ಜಗಳವಾಡಿ ಗೆದ್ದವಳಿಗೆ ಅರ್ಜಿ ಯಾವ ಲೆಕ್ಕ. ಬರೆದು ಕೊಟ್ಟೆ. ಜತ್ತದಿಂದ ಸಾಹೇಬರು ಬಂದು ಸ್ಥಳ ನೋಡುತ್ತಾರೆ ಎಂದರು. ಗೋಡೆ ಮಾಡಿದವನೇ ಮುಂದೆ ಬಂದು ಒಳಗೆ ಮಣ್ಣಿದೆ ಎಂದರೆ ಯಾವ ಸಾಹೇಬರೂ ನಂಬುತ್ತಾರೆ ಎಂದು ನನಗೆ ಧೈರ್ಯವಿತ್ತು.

ಆದರೆ ಕಾಕಾ ಅಷ್ಟರಲ್ಲಿ ಬೇರೆಯೇ ಲೋಕದಲ್ಲಿದ್ದ. ಯಾದಿ ಹಚ್ಚಿದ ದಿನದಿಂದ ಚಹಾದಂಗಡಿಯಲ್ಲಿ ಅವನದೇ ದರ್ಬಾರು. "ಸರ್ಕಾರ ಬರದು ಕೊಟ್ಟೈತಿ, ನನ್ನ ಗೋಡಿ ಕಲ್ಲು ಅಂತ! ಯಾವ ಗೌಂಡಿಗಿ ಸಿಕ್ಕೈತಿ ಈ ಮಾನ?" ನನ್ನ ಹರಕತ್ತಿನ ಸುದ್ದಿ ಕಿವಿಗೆ ಬಿದ್ದದ್ದೇ ನಮ್ಮ ಬಾಗಿಲಿಗೆ ಬಂದು ನಿಂತ. ಮುಖ ಕೆಂಪಗಾಗಿತ್ತು.

"ಸರ್ಕಾರ ಕಣ್ಣ ಬಿಟ್ಟು ನೋಡಿ ಕಲ್ಲ ಅಂದೈತಿ. ನೀ ಒಬ್ಬಾಕಿ ಮಣ್ಣ ಅಂತಿ. ಆ ಗೋಡಿಗಿ ನೀನ ನೀರ ಹೊತ್ತಿ, ಮರತ್ಯಾ?"

"ನೀರ ಹೊತ್ತಾಕಿಗೇ ಗೊತ್ತು ಕಾಕಾ, ಒಳಗ ಏನೈತಿ ಅಂತ."

ಅವನು ತಿರುಗಿ ನೋಡದೆ ಹೋದ. ಮರುದಿನದಿಂದ ಮಾತು ಬಂದ್. ಬೀದಿಯಲ್ಲಿ ಎದುರಾದರೆ ಟೋಪಿ ಸರಿಮಾಡಿಕೊಳ್ಳುತ್ತ ಅತ್ತ ಮುಖ ಮಾಡುತ್ತಿದ್ದ. ನನಗೆ ಬಹಳ ಸಂಕಟವಾಯಿತು, ಸುಳ್ಳೇಕೆ ಹೇಳಲಿ. ಆದರೂ ಅರ್ಜಿ ಹಿಂದೆ ತೆಗೆದುಕೊಳ್ಳುವ ಯೋಚನೆ ಒಮ್ಮೆಯೂ ಬರಲಿಲ್ಲ.

ಸಾಹೇಬರು ಬರುವ ಹಿಂದಿನ ದಿನ ಅವನ ಮನೆಗೆ ಹೋದೆ. ಬರೀ ಮಣ್ಣಿನ ಗೋಡೆಗೆ ಒರಗಿ ಕುಳಿತಿದ್ದ. "ಕಾಕಾ, ನಾಳೆ ಬಂದು ಒಂದು ಮಾತು ಹೇಳು. ಒಳಗ ಮಣ್ಣೈತಿ ಅಂತ, ಅಷ್ಟೇ" ಎಂದೆ. ಅವನು ಟೋಪಿ ಸರಿಮಾಡಿಕೊಂಡು ಅತ್ತ ಮುಖ ಮಾಡಿದ. ಜೋಳ ಹಸನು ಮಾಡುತ್ತಿದ್ದ ಅವನ ಹೆಂಡತಿ ಮೊರ ಕೆಳಗಿಟ್ಟು ಮಾತಾಡಿದಳು. ಆಕೆ ಮಾತಾಡುವುದೇ ಅಪರೂಪ.

"ನಮ್ಮ ಮನಿಗಿ ಮಣ್ಣಿನ ಪಟ್ಟಿ. ನೀ ಕೊರದ ಗೆರಿಗೆ ಊರ ಮಂದಿ ಯಾಕ ಪಟ್ಟಿ ತುಂಬಬೇಕು? ಗೆರಿ ನಿಂದಲಾ? ಹಂಗಾದ್ರ ನೀ ತುಂಬು."

ಕಾಕಾ ಎದ್ದು ಹೊರಗೆ ಹೋದ. ಆಕೆ ಮತ್ತೆ ಮೊರ ಎತ್ತಿಕೊಂಡಳು. ನಾನು ಬರಿಗೈಯಲ್ಲಿ ಮನೆಗೆ ಬಂದೆ.

ಸಾಹೇಬರು ಒಳ್ಳೆಯ ಮನುಷ್ಯ. ನೀರು ಕುಡಿದರು, ಒಳಗೆ ಬಂದರು, ಹಿತ್ತಲ ಗೋಡೆ ನೋಡಿ ಮಣ್ಣೇ ಎಂದು ಒಪ್ಪಿದರು. ಹೊರಗೆ ಬಂದು ಮುಂಗೋಡೆಯನ್ನು ಬೆರಳ ಗೆಣ್ಣಿನಿಂದ ಬಡಿದರು, ಗೆರೆಯಲ್ಲಿ ಉಗುರಾಡಿಸಿದರು, ಮಳೆಯ ಕಲೆಯನ್ನು ಬಗ್ಗಿ ನೋಡಿದರು. "ಅಹೋ ಬಾಯಿ, ಹಾ ದಗಡಚ ಆಹೇ" ಎಂದರು. ಇದು ಕಲ್ಲೇ ಎಂದು. ಹಿಂದಿನದು ಮಣ್ಣಾದರೂ ಮುಂದಿನದು ಕಲ್ಲಿರುವಾಗ ಮಣ್ಣಿನ ಮನೆ ಎಂದು ಹೇಗೆ ಬರೆಯಲಿ ಎಂದು ಕೇಳಿದರು. ಅವರದೂ ತಪ್ಪಲ್ಲ. ಓಣಿಯವರೆಲ್ಲ ನೆರೆದು ನೋಡುತ್ತಿದ್ದರು.

ನಾನು ಒಳಗೆ ಹೋಗಿ ಹಾರೆ ತಂದೆ. ನಾದಿನಿಯ ಮದುವೆ, ಮಾವ, ನಾನು ಹೊತ್ತ ನೀರು, ಎಲ್ಲ ಆ ಗೋಡೆಯಲ್ಲಿತ್ತು. ಆದರೂ ಎತ್ತಿದೆ.

"ಏ! ತಡಿ!"

ಓಣಿಯ ತುದಿಯಿಂದ ಕಾಕಾನ ಗಂಟಲು. ಒಗೆದ ಧೋತರ, ತಲೆಗೆ ಟೋಪಿ, ಕೈಯಲ್ಲಿ ಸುತ್ತಿಗೆ-ಉಳಿ. ಹರಕತ್ತಿನ ಮೇಲೆ ಹರಕತ್ತು ಹಾಕಲು ಬಂದ ಎಂದೇ ಎಲ್ಲರೂ ತಿಳಿದೆವು. ಅವನು ಸೀದಾ ಸಾಹೇಬರ ಮುಂದೆ ನಿಂತ.

"ಸಾಹೇಬ್ರ, ಇದು ಏನಂದ್ರಿ?"

"ದಗಡ."

"ಜೋರಾಗಿ ಅನ್ರಿ. ಮಂದಿಗಿ ಕೇಳಸಲಿ."

ಸಾಹೇಬರು ನಕ್ಕು, ಗಂಟಲೆತ್ತಿ, "ದಗಡ! ಪಕ್ಕಾ ದಗಡ!" ಎಂದರು. ಕಾಕಾ ಕಣ್ಣು ಮುಚ್ಚಿ ಕೇಳಿದ. ಆಮೇಲೆ ನನ್ನ ಕೈಯ ಹಾರೆ ಕಿತ್ತು ಬದಿಗಿಟ್ಟ. "ಹಾರಿ ಹೊಡದ್ರ ಎಲ್ಲಾ ಬಿರಕ ಬಿಡತೈತಿ. ಹೆಣಮಗಳಿಗಿ ಸಿಟ್ಟ ಐತಿ, ಬುದ್ಧಿ ಇಲ್ಲ" ಎಂದು ಗೊಣಗಿದ. ಅದು ನನ್ನ ಜೊತೆ ಎಷ್ಟೋ ದಿನದ ಮೇಲೆ ಆಡಿದ ಮಾತು.

ಗೋಡೆಯ ಮೇಲೆ ಅಂಗೈ ಆಡಿಸುತ್ತ ಹೋಗಿ ಬಾಗಿಲ ಪಕ್ಕದ ಒಂದು ಕಲ್ಲಿನ ಮೇಲೆ ನಿಲ್ಲಿಸಿದ. ಅವನೇ ಮೂಲೆ ಮುರಿದಿದ್ದ ಕಲ್ಲು, ಎಲ್ಲಕ್ಕಿಂತ ಚೆಂದದ್ದು. ಅದರ ಗೆರೆಯ ಸುತ್ತ ಉಳಿ ಇಟ್ಟು ಮೆಲ್ಲಗೆ ಬಡಿದ. ಪಕ್ಕದ ಕಲ್ಲಿಗೆ ಒಂದು ಗೀರೂ ಬೀಳಲಿಲ್ಲ. ಸಿಮೆಂಟಿನ ಹೆಕ್ಕಳ ಕಳಚಿ ಅವನ ಅಂಗೈಗೆ ಬಂತು, ಹಿಂದಿಂದ ಹೊಟ್ಟು ಬೆರೆತ ಮಣ್ಣು ಬುಳುಬುಳು ಎಂದು ಅವನ ಕಾಲ ಮೇಲೆ ಸುರಿಯಿತು. ಸಾಹೇಬರು ಬೆರಳು ತೂರಿಸಿ ನೋಡಿದರು, ಬೆರಳಿಗೆ ಹತ್ತಿದ ಮಣ್ಣನ್ನು ನೋಡಿದರು, ಕಾಕಾನನ್ನು ನೋಡಿದರು. "ಮಾತಿ" ಎಂದು ಬರೆದುಕೊಂಡರು. ಮಣ್ಣು.

ಅಲ್ಲಿಗೆ ನನ್ನ ಕೆಲಸ ಮುಗಿದಿತ್ತು. ಆದರೆ ಎದುರು ಮನೆಯಾಕೆ ಸೆರಗು ತಲೆಯ ಮೇಲೆ ಎಳೆದುಕೊಂಡು ಮುಂದೆ ಬಂದಳು. "ಸಾಹೇಬ್ರ, ಬಂದೀರಿ, ನಮ್ಮದೂ ಒಂದೀಟ ನೋಡ್ರಿ." ಅವಳ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಸಾಹೇಬರು ಎಲ್ಲರ ಹರಕತ್ತನ್ನೂ ಅಲ್ಲೇ ಬರೆಸಿಕೊಂಡರು. ಕಾಕಾ ಉಳಿ ಹಿಡಿದು ಮನೆಮನೆಗೆ ಹೋದ. ಯಾವ ಕಲ್ಲು ಒಡೆಯಬೇಕು ಎಂಬುದನ್ನು ತಾನೇ ಆರಿಸಿದ. ಬೇರೆ ಯಾರಿಗೂ ಸುತ್ತಿಗೆ ಮುಟ್ಟಗೊಡಲಿಲ್ಲ.

ಎಲ್ಲ ಮುಗಿಸಿ ನಮ್ಮ ಕಟ್ಟೆಗೆ ಬಂದು ಕುಳಿತಾಗ ಮೀಸೆ, ಹುಬ್ಬು, ಟೋಪಿ ಎಲ್ಲ ಮಣ್ಣು. ಚಹಾ ಕೊಟ್ಟೆ. ಕಾಕಾ ಸೋತವನಂತಿರಲಿಲ್ಲ, ಕಣ್ಣು ಮಿನುಗುತ್ತಿದ್ದವು.

"ಕೇಳಿದ್ಯಾ ತಂಗಿ? ನಿಮ್ಮನಿ ಮಣ್ಣ ಕಣ್ಣಾರೆ ನೋಡಿ ಹ್ವಾದ ಮ್ಯಾಲೂ ಎದುರು ಮನ್ಯಾಗ ಸಾಹೇಬ ಏನಂದ? ಇದು ಮಾತ್ರ ದಗಡ ಅಂದ! ಅದರ ಮುಂದಿನ ಮನಿಗೂ ಹಂಗ ಅಂದ!" ಎಂದು ತೊಡೆ ತಟ್ಟಿಕೊಂಡು ನಕ್ಕ. ನಾನೂ ನಕ್ಕೆ. ಆ ನಗುವಿನಲ್ಲಿ ನಮ್ಮ ಸಿಟ್ಟೆಲ್ಲ ಕರಗಿಹೋಯಿತು.

ಓಣಿಯ ಉಳಿದವರ ತೂತುಗಳನ್ನೆಲ್ಲ ಕಾಕಾ ಬೇಗನೆ ಮುಚ್ಚಿಕೊಟ್ಟ. ಮದುವೆಗೆ ನಿಂತ ಮಕ್ಕಳಿದ್ದರಲ್ಲ. ನಮ್ಮದಕ್ಕೆ ಮಾತ್ರ ಬರಲಿಲ್ಲ. ಕೇಳಿದಾಗಲೆಲ್ಲ ಒಂದು ನೆವ. ಇವತ್ತು ಅಮಾವಾಸ್ಯೆ, ನಾಳೆ ಉಸುಕು ಸರಿಯಿಲ್ಲ, ನಾಡಿದ್ದು ಮೊಣಕಾಲು ನೋವು... ಆಮೇಲೆ ನಿಜವಾಗಿಯೂ ಮೊಣಕಾಲು ನೋವು ಬಂತು. ಅದರ ಹಿಂದೆ ಕೆಮ್ಮು. ಸಿಮೆಂಟಿನ ಧೂಳು ಎದೆಗೆ ಇಳಿದಿದೆ ಎಂದರು ಡಾಕ್ಟರು. ಆ ದೊಡ್ಡ ಗಂಟಲು ದಿನದಿನಕ್ಕೆ ಸಣ್ಣದಾಯಿತು.

ಕೊನೆಗೆ ನೋಡಲು ಹೋದಾಗ ಹಾಸಿಗೆ ಹಿಡಿದಿದ್ದ. ಅವನ ಹೆಂಡತಿ ತಲೆಯ ಹತ್ತಿರ ಕುಳಿತಿದ್ದಳು. ನನ್ನನ್ನು ಕಂಡದ್ದೇ ಕೇಳಿದ್ದು ಒಂದೇ ಮಾತು: "ತೂತ ಮುಚ್ಚಿಸಿದ್ಯೇನು?"

"ಇಲ್ಲ ಕಾಕಾ. ನೀ ಬರ್ತೀನಿ ಅಂದಿದ್ದಿ."

"ಮುಚ್ಚಬ್ಯಾಡ." ಉಸಿರು ಎಳೆದುಕೊಳ್ಳಲು ಹೊತ್ತು ಬೇಕಾಯಿತು. "ಮುಚ್ಚಿದ್ರ ನೋಡಿದಾವ್ರು ಕಲ್ಲ ಅಂತ ಹಂಗ ಹೋಗತಾರ. ಕಲ್ಲ ಯಾರ ಮಾಡ್ಯಾರು ಅಂತ ಯಾರರ ಕೇಳತಾರೇನು? ತೂತಿನ್ಯಾಗ ಮಣ್ಣ ಕಂಡ್ರ ಆಗ ಕೇಳತಾರ..."

ಹ್ಞೂಂ ಎಂದೆ. ಅವನ ಕೈ ಹಿಡಿದೆ. ಅಂಗೈ ಮಾತ್ರ ನಿಜವಾದ ಕಲ್ಲಿನ ಹಾಗಿತ್ತು. ಅದೇ ವಾರ ಹೋಗಿಬಿಟ್ಟ.

ಈಗ ಓಣಿಯಲ್ಲಿ ಎಲ್ಲರೂ ಸ್ಲ್ಯಾಬ್ ಹಾಕಿಸಿದ್ದಾರೆ, ಮುಂದೆ ಹೊಳೆಯುವ ಟೈಲ್ಸು. ಹಳೆಯ ಗೋಡೆ ಕೆಡವುವಾಗ ಜೆಸಿಬಿಯವನು ಕಲ್ಲೆಂದು ಹಲ್ಲು ಜೋರಾಗಿ ಇಟ್ಟು, ಗೋಡೆ ಹಿಟ್ಟಿನ ಹಾಗೆ ಕುಸಿದು, ಅವನೇ ಬೆಚ್ಚಿಬಿದ್ದಿದ್ದ. ಕಾಕಾನ ಮನೆಯ ಜಾಗದಲ್ಲಿ ಮೊಬೈಲ್ ಅಂಗಡಿ ಬಂದಿದೆ. ಅವನ ಗೋಡೆ ಎಂದು ಉಳಿದಿರುವುದು ನಮ್ಮದೊಂದೇ. ಮಾಳಿಗೆಯ ತೊಲೆ ಬದಲಿಸಿದೆವು, ಹಿತ್ತಲು ಕಟ್ಟಿಸಿದೆವು, ಮುಂಗೋಡೆ ಮುಟ್ಟಗೊಟ್ಟಿಲ್ಲ. ನಾನಿರುವತನಕ ಮುಟ್ಟಗೊಡುವುದೂ ಇಲ್ಲ. ಅಲ್ಲಲ್ಲಿ ಸಿಮೆಂಟು ಉಬ್ಬಿದೆ. ರಿಪೇರಿ ಮಾಡಬಲ್ಲ ಕೈ ಈಗ ಈ ಸುತ್ತಿನಲ್ಲಿ ಇಲ್ಲ. ಸನಮಡಿಯ ಸೊಟ್ಟ ಗೆರೆಯವರೂ ಇಲ್ಲ.

ಗೋಡೆ ತೊಳೆದ ಮರುದಿನವೇ ಹೊಸ ಆಕಾರಣಿಯವರು ಬಂದರು. ಈ ಸಲ ಟೇಪಿಲ್ಲ. ಒಬ್ಬ ಹುಡುಗಿ, ಕೈಯಲ್ಲಿ ಫೋನು. ಬೀದಿಯಲ್ಲೇ ನಿಂತು ಫೋಟೋ ತೆಗೆದು "ದಗಡ" ಎಂದು ಒತ್ತಲು ಹೊರಟಳು. "ಇಲ್ಲಿ ಬಾರವ್ವಾ" ಎಂದು ಕರೆದೆ. ಅವಳ ಬೆರಳು ಹಿಡಿದು ತೂತಿನೊಳಗೆ ಇಟ್ಟೆ. ಒಳಗೆ ಇನ್ನೂ ಹಸಿಯಿತ್ತು. ಅವಳು ಬೆರಳಿನ ಮಣ್ಣು ನೋಡಿದಳು, ಗೋಡೆ ನೋಡಿದಳು, ಹಿಂದೆ ಸರಿದು ಮೇಲಿಂದ ಕೆಳಗಿನತನಕ ಮತ್ತೆ ನೋಡಿದಳು.

"ಅಯ್ಯ! ಯಾರ ಮಾಡ್ಯಾರ್ರಿ ಇದನ್ನ?"

ಕಾಕಾ, ಕೇಳಿದಳು ನೋಡು.

ನಾನು ಅವನ ಹೆಸರು ಹೇಳಿದೆ, ಅವನ ಅಪ್ಪನ ಹೆಸರು, ಅಡ್ಡಹೆಸರು ಸಮೇತ. ಅವಳು ಬರೆದುಕೊಳ್ಳಲು ಫೋನಿನಲ್ಲಿ ಮೇಲೆ ಕೆಳಗೆ ಹುಡುಕಿದಳು. ಮನೆಯ ಯಜಮಾನರ ಹೆಸರಿಗೆ ಜಾಗವಿತ್ತು, ಗೋಡೆ ಯಾವುದರದು ಎಂಬುದಕ್ಕೆ ಜಾಗವಿತ್ತು. ಮಾಡಿದವನ ಹೆಸರಿಗೆ ಇರಲಿಲ್ಲ. "ಮಣ್ಣು" ಎಂದು ಒತ್ತಿ ಮುಂದಿನ ಮನೆಗೆ ಹೋದಳು. ನಾನು ಬಾಗಿಲಲ್ಲೇ ನಿಂತು ಅವನ ಹೆಸರನ್ನು ಇನ್ನೊಮ್ಮೆ ಹೇಳಿದೆ, ಈ ಸಲ ಜೋರಾಗಿ.